ಹಂಪಿಯಲ್ಲಿ ಗುಡಿಗಳು ಉಳಿದವು, ಅರಮನೆಗಳು ಎಲ್ಲಿ ಹೋದವು?

2024ರ ಮೇ ತಿಂಗಳಲ್ಲಿ ಜೋರು ಮಳೆಗೆ ಹಂಪಿಯ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗ ಕುಸಿದು ಬಿತ್ತು. ಉರುಳಿದ ಕಂಬ, ಚಪ್ಪಡಿಗಳ ಚಿತ್ರ ನೋಡಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಶತಮಾನಗಳಿಂದ ನಿಂತಿದ್ದ ಕಲ್ಲು ಮಳೆಗೆ ಬೀಳುತ್ತದೆಯೇ? ಇದರ ಬೆನ್ನಿಗೇ ಇನ್ನೊಂದು ಹಳೆಯ ಪ್ರಶ್ನೆ ಇದೆ. ಹಂಪಿಗೆ ಹೋದವರೆಲ್ಲ ಗುಡಿ, ಗೋಪುರ, ಕಲ್ಲಿನ ರಥ ನೋಡಿ ಬರುತ್ತಾರೆ. ಅಷ್ಟು ದೊಡ್ಡ ಸಾಮ್ರಾಜ್ಯ ಆಳಿದ ರಾಜರ ಅರಮನೆ ಮಾತ್ರ ಒಂದೂ ಕಾಣುವುದಿಲ್ಲ. ಯಾಕೆ?

ಎರಡಕ್ಕೂ ಉತ್ತರ ಹತ್ತಿರ ಹತ್ತಿರವೇ ಇದೆ. ಯಾವುದನ್ನು ಯಾವುದರಿಂದ ಕಟ್ಟಿದರು, ಆಮೇಲೆ ಅದನ್ನು ಯಾರು ನೋಡಿಕೊಂಡರು ಅನ್ನುವುದು ಗೊತ್ತಾದರೆ ಹಂಪಿಯ ಬಹುಪಾಲು ಅರ್ಥವಾಗುತ್ತದೆ.

ಊರು ಯಾವುದು, ರಾಜಧಾನಿ ಯಾವುದು

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಹಂಪಿ ಎಂದರೆ ತುಂಗಭದ್ರೆಯ ದಕ್ಷಿಣ ದಡದಲ್ಲಿ ವಿರೂಪಾಕ್ಷನ ಗುಡಿಯ ಸುತ್ತ ಇರುವ ಊರು. ವಿಜಯನಗರ ಎಂದರೆ ಆ ಊರನ್ನೂ ಒಳಗೆ ಸೇರಿಸಿಕೊಂಡು ಹತ್ತಾರು ಚದರ ಕಿಲೋಮೀಟರ್ ಹರಡಿದ್ದ ರಾಜಧಾನಿ. ಸಾಮ್ರಾಜ್ಯಕ್ಕೂ ಅದೇ ಹೆಸರು ಬಂತು. ಇಂದಿನ ಕಮಲಾಪುರ, ಕಡ್ಡಿರಾಂಪುರ, ಹೊಸಪೇಟೆ, ನದಿಯಾಚೆಯ ಆನೆಗೊಂದಿ ಎಲ್ಲವೂ ಆ ಮಹಾನಗರದ ಭಾಗ ಅಥವಾ ಅದರ ಅಂಚು.

ರಾಜಧಾನಿಗೆ ಮೊದಲೇ ಹಂಪಿ ತೀರ್ಥಕ್ಷೇತ್ರವಾಗಿತ್ತು. ಪಂಪಾದೇವಿ ತಪಸ್ಸು ಮಾಡಿ ಶಿವನನ್ನು ವರಿಸಿದ ಜಾಗ ಎಂದು ಜನ ನಂಬಿದ್ದರು. ರಾಮಾಯಣದ ಕಿಷ್ಕಿಂಧೆ ಇದೇ ಎಂಬ ನಂಬಿಕೆಯೂ ಇದೆ. ಮತಂಗ ಪರ್ವತ, ಮಾಲ್ಯವಂತ, ಅಂಜನಾದ್ರಿ ಎಂಬ ಬೆಟ್ಟಗಳ ಹೆಸರುಗಳೇ ಆ ಕಥೆ ಹೇಳುತ್ತವೆ. ಹೇಮಕೂಟದ ಬಂಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾದ ಶಿಖರದ ಪುಟ್ಟ ಗುಡಿಗಳಿವೆ. ಅವುಗಳಲ್ಲಿ ಹಲವು ವಿಜಯನಗರಕ್ಕಿಂತ ಹಳೆಯವು. ಶಿಖರದ ಆಕಾರ ನೋಡಿ ಸುಮಾರು ಜನ ಇವನ್ನು ಜೈನ ಬಸದಿ ಅಂದುಕೊಳ್ಳುತ್ತಾರೆ, ಆದರೆ ಇವು ಶಿವನ ಗುಡಿಗಳು.

1327ರ ಹೊತ್ತಿಗೆ ದೆಹಲಿ ಸುಲ್ತಾನರ ಸೇನೆ ಈ ಭಾಗದ ಕಂಪಿಲಿ ರಾಜ್ಯವನ್ನು ಮುಗಿಸಿತ್ತು. ಆ ಗೊಂದಲದ ನಡುವೆ ಸಂಗಮನ ಮಕ್ಕಳಾದ ಹರಿಹರ, ಬುಕ್ಕ ಮತ್ತು ಅವರ ಸಹೋದರರು ತಲೆ ಎತ್ತಿದರು. ಸಂಪ್ರದಾಯದಂತೆ 1336 ವಿಜಯನಗರ ಸ್ಥಾಪನೆಯ ವರ್ಷ. ಅಲ್ಲಿಂದ 1565ರವರೆಗೆ ಸಂಗಮ, ಸಾಳುವ, ತುಳುವ ಎಂಬ ಮೂರು ಮನೆತನಗಳು ಇದೇ ಊರಿನಿಂದ ಆಳಿದವು. ನಾಲ್ಕನೆಯದಾದ ಅರವೀಡು ಮನೆತನದ ಕಾಲಕ್ಕೆ ರಾಜಧಾನಿ ಬೇರೆ ಕಡೆ ಹೋಗಿತ್ತು.

ಜಾಗದ ಆಯ್ಕೆಗೆ ಭಕ್ತಿಯಷ್ಟೇ ಕಾರಣ ಆಗಿರಲಿಲ್ಲ. ಉತ್ತರಕ್ಕೆ ತುಂಗಭದ್ರೆ ಬಂಡೆಗಳ ನಡುವೆ ನುಗ್ಗುತ್ತದೆ, ಸೈನ್ಯ ಸುಲಭವಾಗಿ ದಾಟಲಾಗದು. ಉಳಿದ ಕಡೆ ಕಲ್ಲುಗುಡ್ಡಗಳು ಅರ್ಧ ಕೋಟೆಯ ಕೆಲಸ ಮಾಡುತ್ತವೆ. ಗುಡ್ಡಗಳ ನಡುವಿನ ಸಂದು ಮುಚ್ಚಿದರೆ ಗೋಡೆ ಪೂರ್ತಿಯಾಗುತ್ತದೆ. ವಿಜಯನಗರದವರು ಮಾಡಿದ್ದೂ ಅದನ್ನೇ.

ಸುತ್ತಿನೊಳಗೆ ಸುತ್ತು

1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಗೆ ಬಂದ. ಆಗ ಎರಡನೇ ದೇವರಾಯನ ಆಳ್ವಿಕೆ. ಒಂದರೊಳಗೊಂದು ಏಳು ಕೋಟೆಗಳಿದ್ದವು ಎಂದು ಅವನು ಬರೆದಿದ್ದಾನೆ. ಹೊರಸುತ್ತಿನ ಆಚೆ ಆಳೆತ್ತರದ ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದರಂತೆ, ಕುದುರೆ ದಂಡು ನುಗ್ಗಬಾರದೆಂದು. ಹೊರಸುತ್ತುಗಳ ನಡುವೆ ಹೊಲ, ತೋಟ, ಮನೆ. ಒಳಸುತ್ತುಗಳಲ್ಲಿ ಅಂಗಡಿ ಬೀದಿ. ನಡುವೆ ಅರಮನೆ.

ಏಳೂ ಸುತ್ತು ಈಗ ಎಣಿಸಲು ಸಿಗುವುದಿಲ್ಲ. ಆದರೆ ಊರಿನ ವಿಂಗಡಣೆ ಇವತ್ತಿಗೂ ಸ್ಪಷ್ಟವಾಗಿದೆ. ನದಿ ದಡದಲ್ಲಿ ದೇವರ ಭಾಗ: ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ಗುಡಿಗಳು. ಅದರ ದಕ್ಷಿಣಕ್ಕೆ ಕಾಲುವೆ ನೀರಿನ ಹಸಿರು ಕಣಿವೆ. ಕಣಿವೆಯ ಆಚೆ ಜನ ವಾಸವಿದ್ದ ಊರು, ಅದರ ಪಶ್ಚಿಮದ ಕೊನೆಯಲ್ಲಿ ರಾಜರ ಆವರಣ. ಈ ಎರಡು ಭಾಗಗಳ ನಡುವಿನ ಗದ್ದೆ, ಬಾಳೆತೋಟ ನೋಡಿ ‘ಇಲ್ಲಿ ಏನೋ ಇದ್ದು ಹಾಳಾಗಿರಬೇಕು’ ಅಂದುಕೊಳ್ಳುವುದು ಬೇಡ. ಆಗಲೂ ಅಲ್ಲಿ ಬೆಳೆಯೇ ಇತ್ತು. ಮುತ್ತಿಗೆ ಬಿದ್ದರೂ ಕೋಟೆಯೊಳಗೇ ಅನ್ನ ಹುಟ್ಟುವಂಥ ಏರ್ಪಾಡು ಅದು.

ದೇವರ ಭಾಗದಲ್ಲಿ ಪ್ರತಿ ದೊಡ್ಡ ಗುಡಿಗೂ ಒಂದೇ ಮಾದರಿ ಇದೆ. ಎತ್ತರದ ಗೋಪುರ, ಅದರ ಮುಂದೆ ನೇರವಾದ ಅಗಲ ಬೀದಿ, ಬೀದಿಯ ಎರಡೂ ಬದಿ ಕಂಬಗಳ ಸಾಲು, ಪಕ್ಕದಲ್ಲೊಂದು ಪುಷ್ಕರಣಿ. ಬೀದಿಯಲ್ಲಿ ರಥ ಎಳೆಯುತ್ತಿದ್ದರು. ಉಳಿದ ದಿನ ಅದೇ ಮಾರುಕಟ್ಟೆ. ಕುಸಿದ ಸಾಲು ಮಂಟಪ ಇಂಥದ್ದೇ ಒಂದು ಅಂಗಡಿ ಸಾಲು. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಈ ಊರು ರೋಮ್‌ನಷ್ಟು ದೊಡ್ಡದಾಗಿ ಕಂಡಿತು ಎಂದ. ಇಷ್ಟು ಸಮೃದ್ಧವಾಗಿ ಸಾಮಾನು ಸಿಗುವ ಊರು ಜಗತ್ತಿನಲ್ಲೇ ಇಲ್ಲ ಎಂದೂ ಬರೆದ.

ಗಾರೆ ಇಲ್ಲದೆ ನಿಂತ ಕಲ್ಲು

ಹಂಪಿಯ ಕಲ್ಲು ಗ್ರಾನೈಟ್. ತುಂಬಾ ಗಟ್ಟಿ. ಬೇಲೂರು, ಹಳೇಬೀಡಿನ ಹೊಯ್ಸಳ ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು. ಅದು ಮೆದು, ಅದರಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಬಹುದು. ಗ್ರಾನೈಟ್‌ನಲ್ಲಿ ಅಷ್ಟು ನಯ ಸಿಗುವುದು ಕಷ್ಟ. ಹಾಗಾಗಿ ಇಲ್ಲಿನವರು ಬೇರೆ ದಾರಿ ಹಿಡಿದರು. ಸೂಕ್ಷ್ಮಕ್ಕಿಂತ ಗಾತ್ರಕ್ಕೆ ಒತ್ತು ಕೊಟ್ಟರು. 1528ರ ಉಗ್ರನರಸಿಂಹ ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 6.7 ಮೀಟರ್ ಎತ್ತರ. ಹಾಗಂತ ಸೂಕ್ಷ್ಮ ಕೆಲಸ ಇಲ್ಲವೇ ಇಲ್ಲ ಎಂದಲ್ಲ. ವಿಠ್ಠಲ ಗುಡಿಯ ಮಂಟಪದಲ್ಲಿ ಒಂದೇ ಕಲ್ಲಿನಿಂದ ದೊಡ್ಡ ಕಂಬ, ಅದರ ಸುತ್ತ ಸಣ್ಣ ಕಂಬಗಳ ಗೊಂಚಲು ಬಿಡಿಸಿದ್ದಾರೆ. ತಟ್ಟಿದರೆ ಸ್ವರ ಹೊರಡುವ ಕಂಬಗಳು ಅವೇ. ತಟ್ಟಿ ತಟ್ಟಿ ಸವೆಯುತ್ತಿದ್ದುದರಿಂದ ಈಗ ಮುಟ್ಟಲು ಬಿಡುವುದಿಲ್ಲ. ಅದು ಸರಿಯಾದ ಕೆಲಸ ಎಂದೇ ನನ್ನ ಅನಿಸಿಕೆ.

ಬಂಡೆ ಒಡೆದದ್ದು ಹೇಗೆ? ಹಂಪಿಯ ಎಷ್ಟೋ ಬಂಡೆಗಳ ಅಂಚಿನಲ್ಲಿ ಸಾಲಾಗಿ ಚೌಕ ಚೌಕ ಗುಳಿಗಳು ಕಾಣುತ್ತವೆ. ಬಿರುಕು ಬೇಕಾದ ಗೆರೆಯುದ್ದಕ್ಕೂ ಗುಳಿ ಹೊಡೆದು, ಅದರಲ್ಲಿ ಬೆಣೆ ಕೂರಿಸುತ್ತಿದ್ದರು. ಬೆಣೆಗಳ ಒತ್ತಡಕ್ಕೆ ಬಂಡೆ ಆ ಗೆರೆಯಲ್ಲೇ ಸೀಳುತ್ತಿತ್ತು. ಕೆಲವು ಕಡೆ ಗುಳಿ ಹೊಡೆದು ಅರ್ಧಕ್ಕೇ ಬಿಟ್ಟ ಬಂಡೆಗಳೂ ಇವೆ. ಹುಡುಕಿ ನೋಡಬೇಕಾದ ಸಂಗತಿ ಇದು.

ಹೀಗೆ ತೆಗೆದ ಕಂಬ, ತೊಲೆ, ಚಪ್ಪಡಿಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ನಡುವೆ ಗಾರೆ ಇಲ್ಲ. ಮೇಲಿನ ಕಲ್ಲಿನ ತೂಕವೇ ಕೆಳಗಿನದನ್ನು ಅದುಮಿ ಹಿಡಿಯುತ್ತದೆ. ಇದರಲ್ಲಿ ಒಂದು ಲಾಭ ಇದೆ, ಒಂದು ಅಪಾಯವೂ ಇದೆ. ಗಾರೆ ಇಲ್ಲದ್ದರಿಂದ ಪುಡಿಯಾಗಿ ಉದುರುವುದು ಏನೂ ಇಲ್ಲ. ನೆಲ ಗಟ್ಟಿ ಇರುವ ತನಕ ಕಟ್ಟಡ ಅಲುಗುವುದಿಲ್ಲ. ಆದರೆ ಬುಡಕ್ಕೆ ನೀರು ಇಳಿದು ಮಣ್ಣು ಸಡಿಲವಾದರೆ ಕಂಬ ವಾಲುತ್ತದೆ. ವಾಲಿದ ಕಂಬದ ಮೇಲಿನ ತೊಲೆ ಜಾರುತ್ತದೆ. ಹಿಡಿದಿಡಲು ಬೇರೇನೂ ಇಲ್ಲ. ಮೇಲ್ಛಾವಣಿಯ ಮೇಲೆ ನೀರು ಇಳಿಯದಂತೆ ಹಾಕಿದ್ದ ಇಟ್ಟಿಗೆ ಸುಣ್ಣದ ಪದರ ಬಿರಿದರೆ ತೊಂದರೆ ಇನ್ನೂ ಜಾಸ್ತಿ. ಕಲ್ಲು ಗಟ್ಟಿಯಾಗಿದ್ದರೂ ಕಟ್ಟಡ ಬೀಳುವುದು ಹೀಗೆ. 2019ರಲ್ಲಿ ಕೆಲವು ಯುವಕರು ಇಲ್ಲಿನ ಕಂಬವೊಂದನ್ನು ಕೈಯಿಂದ ತಳ್ಳಿ ಬೀಳಿಸಿದ ವಿಡಿಯೋ ಎಲ್ಲರನ್ನೂ ಕೆರಳಿಸಿತ್ತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಿತು. ಮೇಲೆ ಭಾರ ಇಲ್ಲದ ಒಂಟಿ ಕಂಬಕ್ಕೆ ತನ್ನ ತೂಕ ಬಿಟ್ಟರೆ ಆಸರೆ ಏನೂ ಇರುವುದಿಲ್ಲ. ಅದಕ್ಕೇ ತಳ್ಳಿದರೆ ಬಿತ್ತು.

ಗೋಪುರಗಳದ್ದು ಇನ್ನೊಂದು ಕಥೆ. ಬುಡ ಮಾತ್ರ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆ. ಅಷ್ಟೆತ್ತರಕ್ಕೆ ಕಲ್ಲು ಹೇರಿದರೆ ಭಾರ ಜಾಸ್ತಿ, ಇಟ್ಟಿಗೆ ಹಗುರ. ಆದರೆ ಇಟ್ಟಿಗೆಗೆ ಆರೈಕೆ ಬೇಕು. ವಿರೂಪಾಕ್ಷನ ಪೂರ್ವ ಗೋಪುರ ಸುಮಾರು 50 ಮೀಟರ್ ಎತ್ತರ ನಿಂತಿದೆ, ಯಾಕೆಂದರೆ ಅಲ್ಲಿ ಪೂಜೆ ನಿಲ್ಲಲಿಲ್ಲ, 19ನೇ ಶತಮಾನದಲ್ಲಿ ದುರಸ್ತಿಯೂ ಆಯಿತು. ಪೂಜೆ ನಿಂತ ಗುಡಿಗಳ ಗೋಪುರಗಳು ಮೇಲಿನಿಂದ ಕರಗುತ್ತಾ ಬಂದಿವೆ. 50 ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥದ ಮೇಲೂ ಒಂದು ಇಟ್ಟಿಗೆ ಶಿಖರ ಇತ್ತು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ. ಈಗ ಇಲ್ಲ. ರಥ ಎನ್ನುತ್ತೇವಾದರೂ ಅದು ವಿಠ್ಠಲನ ಎದುರು ಗರುಡನಿಗೆ ಕಟ್ಟಿದ ಗುಡಿ.

ಹಾಗಾದರೆ ಅರಮನೆ?

ರಾಜರ ಆವರಣಕ್ಕೆ ಹೋದರೆ ಕಾಣುವುದು ಬಯಲು. ಬಯಲಿನ ತುಂಬ ಕಲ್ಲಿನ ಜಗತಿಗಳು. ಒಂದರ ಪಕ್ಕ ಒಂದು, ಎರಡು ಮೂರು ಹಂತ, ಅಂಚಿನಲ್ಲಿ ಚಂದದ ಕೆತ್ತನೆ. ಮೇಲೆ ಏನೂ ಇಲ್ಲ. ಈ ಜಗತಿಗಳೇ ಅರಮನೆಗಳು, ಅಂದರೆ ಅವುಗಳ ಬುಡ. ಹಳೆಯ ತೊಟ್ಟಿಮನೆ ಕೆಡವಿದ ಮೇಲೆ ಹಂಚು, ಜಂತೆ, ಕಂಬ ಎಲ್ಲ ಹೋಗಿ ಜಗಲಿಯ ಕಲ್ಲು ಮಾತ್ರ ಉಳಿಯುತ್ತದಲ್ವಾ, ಹಾಗೆ.

ಮೇಲಿನ ಕಟ್ಟಡ ಮರದ್ದು. ಮರದ ಕಂಬ, ಮರದ ತೊಲೆ, ಇಟ್ಟಿಗೆ ಗೋಡೆ, ಗಾರೆಯ ಅಲಂಕಾರ. ಅರಮನೆಯ ಒಳಗೆ ದಂತದ ಕೆಲಸ ಮಾಡಿದ ಕೋಣೆಯೊಂದನ್ನು ಕಂಡುದಾಗಿ ಪಾಯೆಸ್ ಬರೆದಿದ್ದಾನೆ. ಕಂಬ, ತೊಲೆಗಳ ಮೇಲೆ ಗುಲಾಬಿ, ತಾವರೆಗಳನ್ನು ದಂತದಲ್ಲಿ ಬಿಡಿಸಿದ್ದರಂತೆ. ಇದನ್ನು ಓದಿ ಬಯಲು ನೋಡಿದರೆ ನಂಬುವುದೇ ಕಷ್ಟ. ಆದರೆ ಗುರುತುಗಳು ಅಲ್ಲೇ ಇವೆ. ರಾಜಸಭೆ ನಡೆಯುತ್ತಿತ್ತು ಎನ್ನಲಾದ ಜಗತಿಯ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಕಂಬಗಳ ನೆಲೆ ಇದೆ. ಕಂಬಗಳು ಮರದವಾಗಿದ್ದರಿಂದ ಒಂದೂ ಉಳಿದಿಲ್ಲ.

ಮಹಾನವಮಿ ದಿಬ್ಬವೂ ಹೀಗೇ. ಈಗ ಅದು ಮೆಟ್ಟಿಲು ಹತ್ತಿ ಸುತ್ತ ನೋಡುವ ಎತ್ತರದ ಕಲ್ಲುಕಟ್ಟೆ. ಆಗ ಅದರ ಮೇಲೆ ಮಂಟಪ ಇತ್ತು, ನವರಾತ್ರಿಯ ದಿನಗಳಲ್ಲಿ ಅರಸ ಅಲ್ಲಿ ಕೂತು ಆನೆ, ಕುದುರೆ, ಕುಸ್ತಿ, ಕುಣಿತ ನೋಡುತ್ತಿದ್ದ. ದಿಬ್ಬದ ಬದಿಗಳಲ್ಲಿ ಕೆತ್ತಿರುವುದೂ ಬೇಟೆ, ಕುಸ್ತಿ, ಕುಣಿತದ ಚಿತ್ರಗಳನ್ನೇ. ಹತ್ತಿರದ ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರು ಸಾಲು ಸಾಲಾಗಿ ಸಾಗುತ್ತಾರೆ. ಗೋಡೆಯ ಒಳಗೆ ರಾಮಾಯಣ. ಮೈಸೂರು ದಸರೆಯ ಬೇರು ಇಲ್ಲೇ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿ ಆಚರಣೆ ಶುರು ಮಾಡಿದ್ದು ವಿಜಯನಗರದ ಪದ್ಧತಿ ಮುಂದುವರಿಸಲು.

ಹೀಗೆ ದೇವರಿಗೆ ಕಲ್ಲು, ಅರಸರಿಗೆ ಮರ. ದೇವರ ಮನೆಯನ್ನು ಶಾಶ್ವತವಾಗಿ ನಿಲ್ಲಲೆಂದು ಕಟ್ಟಿದರು. ಅರಮನೆಯನ್ನು ಬೇಕಾದಂತೆ ಬದಲಿಸುತ್ತಾ, ಹೊಸದಾಗಿ ಕಟ್ಟುತ್ತಾ ಹೋಗಬಹುದಿತ್ತು. 1565ರಲ್ಲಿ ಊರು ಲೂಟಿಯಾಗಿ ಬೆಂಕಿ ಬಿದ್ದಾಗ ಯಾವುದು ಉಳಿಯಿತು, ಯಾವುದು ಹೋಯಿತು ಅನ್ನುವುದು ಅಲ್ಲೇ ತೀರ್ಮಾನವಾಗಿತ್ತು.

ಕಮಾನು, ಗುಮ್ಮಟ

ರಾಜರ ಭಾಗದಲ್ಲೂ ಕೆಲವು ಕಟ್ಟಡ ಪೂರ್ತಿ ನಿಂತಿವೆ. ಕಮಲ ಮಹಲ್, ಆನೆ ಲಾಯ, ರಾಣಿಯ ಸ್ನಾನಗೃಹ. ಇವುಗಳಲ್ಲಿ ಮರದ ಕಂಬ, ತೊಲೆಗಳ ಬದಲು ಭಾರ ಹೊರುವ ಕೆಲಸವನ್ನು ಕಮಾನು, ಗುಮ್ಮಟ ಮಾಡುತ್ತವೆ. ಕಲ್ಲು, ಇಟ್ಟಿಗೆಯನ್ನು ಗಟ್ಟಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದಾರೆ. ಸುಡಲು ಅಲ್ಲೇನೂ ಇರಲಿಲ್ಲ. ಈ ಹೆಸರುಗಳೆಲ್ಲ ಆಮೇಲೆ ಜನ ಇಟ್ಟವು. ರಾಣಿ ಅಲ್ಲಿ ಸ್ನಾನ ಮಾಡಿದಳೆಂಬುದಕ್ಕೆ ಆಧಾರವಿಲ್ಲ.

ಕಮಾನಿನ ಶೈಲಿ ಬಂದದ್ದು ಬಹಮನಿ ಮತ್ತು ಇತರ ಸುಲ್ತಾನರ ನಾಡಿನಿಂದ. ಶತ್ರುಗಳ ಶೈಲಿ ಯಾಕೆ ಅನ್ನಿಸಬಹುದು. ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸವಾರರು, ಬಿಲ್ಲುಗಾರರು ಇದ್ದರು. ಊರಿನಲ್ಲಿ ಅವರ ಕೇರಿ ಇತ್ತು. 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿ ಈಗಲೂ ಇದೆ. ಅದರ ಶಾಸನ ಅದನ್ನು ಧರ್ಮಸಾಲೆ ಎಂದು ಕರೆದು, ದೇವರಾಯನಿಗೆ ಪುಣ್ಯ ಬರಲಿ ಎನ್ನುತ್ತದೆ. ವಿಚಿತ್ರ ಅಂದರೆ ಮಸೀದಿಯನ್ನು ಕಟ್ಟಿದ್ದು ಗುಡಿಗಳ ಮಂಟಪದಂತೆ, ಕಂಬ ತೊಲೆ ಇಟ್ಟು. ಅರಸರ ಕಮಲ ಮಹಲ್‌ಗೆ ಕಮಾನು. ಮೇಲೆ ಗುಡಿಯ ಶಿಖರದಂಥ ಮೊನೆಗಳು.

ನೀರು

ಹಂಪಿಯ ಬಿಸಿಲು ಕಂಡವರಿಗೆ ಅಲ್ಲಿ ಲಕ್ಷಾಂತರ ಬಾಳೆಗಿಡ ಹೇಗೆ ಬೆಳೆದಿವೆ ಅನ್ನಿಸುತ್ತದೆ. ಮಳೆ ಕಡಿಮೆ ಬೀಳುವ ನಾಡು ಅದು. ನಗರ ಬದುಕಿದ್ದು ನದಿಗೆ ಕಟ್ಟಿದ ಸಣ್ಣ ಒಡ್ಡುಗಳಿಂದ. ಒಡ್ಡು ನೀರನ್ನು ಸ್ವಲ್ಪ ಎತ್ತರಿಸಿ ಕಾಲುವೆಗೆ ತಿರುಗಿಸುತ್ತದೆ, ಉಳಿದ ನೀರು ಮೇಲಿನಿಂದ ಹರಿದು ಹೋಗುತ್ತದೆ. ಹೀಗೆ ಬಂದ ತುರ್ತು ಕಾಲುವೆ ಇವತ್ತಿಗೂ ಕಣಿವೆಯ ಗದ್ದೆಗೆ ನೀರು ಕೊಡುತ್ತಿದೆ. ಉಗ್ರನರಸಿಂಹನ ಪಕ್ಕದ ಬಡವಿಲಿಂಗದ ಬುಡ ಸದಾ ನೀರಿನಲ್ಲಿರುವುದೂ ಕಾಲುವೆ ನೀರಿನಿಂದಲೇ.

ರಾಜರ ಭಾಗಕ್ಕೆ ಕಮಲಾಪುರದ ಕೆರೆ ಆಧಾರ. ಅಲ್ಲಿ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಯಂಥ ಕಾಲುವೆ ಹಾಯಿಸಿ ಕೊಳಗಳಿಗೆ ನೀರು ಬಿಡುತ್ತಿದ್ದರು. 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲ ಪುಷ್ಕರಣಿ ಇದರಲ್ಲಿ ಎಲ್ಲಕ್ಕಿಂತ ಸೊಗಸು. ಕಪ್ಪು ಕಲ್ಲು, ಕರಾರುವಾಕ್ಕಾದ ಮೆಟ್ಟಿಲು. ಕಲ್ಲುಗಳ ಮೇಲೆ ಯಾವ ದಿಕ್ಕು, ಎಷ್ಟನೇ ಸಾಲು ಎಂದು ಕಲ್ಲುಕುಟಿಗರು ಬರೆದ ಗುರುತುಗಳಿವೆ. ಬೇರೆಡೆ ಕಡೆದು ತಂದು ಗುರುತು ನೋಡಿ ಜೋಡಿಸಿದ್ದಾರೆ.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಕೃಷ್ಣದೇವರಾಯ ಇಂದಿನ ಹೊಸಪೇಟೆಯ ಹತ್ತಿರ ದೊಡ್ಡ ಕೆರೆ ಕಟ್ಟಿಸುವಾಗ ಏರಿ ಎರಡು ಮೂರು ಬಾರಿ ಒಡೆಯಿತಂತೆ. ಸಾವಿರಾರು ಜನ ಇರುವೆಗಳಂತೆ ಅಲ್ಲಿ ದುಡಿಯುತ್ತಿದ್ದುದನ್ನು ಪಾಯೆಸ್ ಕಣ್ಣಾರೆ ಕಂಡಿದ್ದಾನೆ. ಈ ಕೆಲಸಕ್ಕೆ ಪೋರ್ಚುಗೀಸ್ ಕಲ್ಲುಕೆಲಸಗಾರನೊಬ್ಬನ ನೆರವು ಪಡೆದರೆಂದು ಆಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆಯುತ್ತಾನೆ. ನೀರಾವರಿಯಾದ ನೆಲವನ್ನು ರೈತರಿಗೆ ಮೊದಲ 9 ವರ್ಷ ತೆರಿಗೆ ಇಲ್ಲದೆ ಕೊಟ್ಟರಂತೆ. ನೆಲ ಹಸನಾದ ಮೇಲೆ ಬೊಕ್ಕಸಕ್ಕೆ ಆದಾಯ.

1565ರಲ್ಲಿ ಆದದ್ದು

ಆಗ ಹೆಸರಿಗೆ ಸದಾಶಿವರಾಯ ಅರಸ. ಅಧಿಕಾರ ಕೃಷ್ಣದೇವರಾಯನ ಅಳಿಯ ರಾಮರಾಯನ ಕೈಯಲ್ಲಿತ್ತು. ಅವನು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರ ಜಗಳಗಳಲ್ಲಿ ಒಮ್ಮೆ ಇವರ ಪರ, ಒಮ್ಮೆ ಅವರ ಪರ ನಿಂತು ಎಲ್ಲರನ್ನೂ ಹದ್ದಿನಲ್ಲಿಡುತ್ತಾ ಬಂದ. ಕೊನೆಗೆ ಆ ನಾಲ್ವರೂ ಒಂದಾದರು. 1565ರ ಜನವರಿಯಲ್ಲಿ ಕೃಷ್ಣಾ ತೀರದಲ್ಲಿ ಯುದ್ಧ ಆಯಿತು. ತಾಳಿಕೋಟೆ ಕದನ, ರಕ್ಕಸಗಿ ತಂಗಡಗಿ ಕದನ ಎಂದೆಲ್ಲ ಕರೆಯುವುದು ಇದನ್ನೇ. ರಾಮರಾಯ ಸೆರೆಸಿಕ್ಕ, ಅವನ ತಲೆ ಕಡಿದರು. ಸೈನ್ಯ ಚೆದುರಿತು.

ಯುದ್ಧಭೂಮಿ ರಾಜಧಾನಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಕೋಟೆಗೆ ಮುತ್ತಿಗೆ ಬೀಳಲೇ ಇಲ್ಲ ಅನ್ನುವುದನ್ನು ಗಮನಿಸಬೇಕು. ರಾಮರಾಯನ ತಮ್ಮ ತಿರುಮಲ ಊರಿಗೆ ಧಾವಿಸಿ, ಸಾಧ್ಯವಾದಷ್ಟು ಸಂಪತ್ತನ್ನು ಆನೆಗಳ ಮೇಲೆ ಹೇರಿಸಿ, ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೋದ. ಅಷ್ಟು ಸುತ್ತಿನ ಕೋಟೆ ಇದ್ದರೂ ಕಾಯುವವರಿರಲಿಲ್ಲ. ತಿಂಗಳುಗಟ್ಟಲೆ ಲೂಟಿ ನಡೆಯಿತು.

ಊರು ಮತ್ತೆ ಏಳಲಿಲ್ಲ, ಯಾಕೆ? 1567ರಲ್ಲಿ ಬಂದ ಇಟಲಿಯ ವ್ಯಾಪಾರಿ ಸೀಸರ್ ಫೆಡೆರಿಚಿ ಹೇಳುವ ಮಾತು ಇಲ್ಲಿ ಮುಖ್ಯ. ಮನೆಗಳು ಇನ್ನೂ ನಿಂತಿದ್ದವು, ಆದರೆ ಖಾಲಿ. ಒಳಗೆ ಹುಲಿ ಮತ್ತಿತರ ಕಾಡುಪ್ರಾಣಿಗಳು ಇದ್ದವಂತೆ. ತಿರುಮಲ ವಾಪಸು ಬಂದು ಊರು ತುಂಬಿಸಲು ನೋಡಿದ, ಆಗಲಿಲ್ಲ. ಈ ನಗರ ಬದುಕಿದ್ದೇ ಅರಮನೆಯ ಮೇಲೆ. ಕುದುರೆ ಕೊಳ್ಳುವವನು ಅರಸ, ವಜ್ರ ಕೊಳ್ಳುವವರು ಅವನ ನಾಯಕರು, ಸೈನಿಕರಿಗೆ ಸಂಬಳ ಕೊಡುವುದು ಬೊಕ್ಕಸ, ಆ ಸಂಬಳ ಖರ್ಚಾಗುವುದು ಬಜಾರಿನಲ್ಲಿ. ಅರಮನೆ ಹೋದ ಮೇಲೆ ವ್ಯಾಪಾರಿ ಯಾರಿಗೆ ಮಾರಬೇಕು? ಮೇಲಾಗಿ ಊರು ಈಗ ಗಡಿಗೆ ತೀರಾ ಹತ್ತಿರ. ಅರವೀಡು ಅರಸರು ಪೆನುಕೊಂಡೆಯಿಂದ ಚಂದ್ರಗಿರಿಗೆ, ವೆಲ್ಲೂರಿಗೆ ಹೀಗೆ ದಕ್ಷಿಣಕ್ಕೇ ಸರಿಯುತ್ತಾ ಹೋದರು. ಸಾಮ್ರಾಜ್ಯ ಕುಗ್ಗುತ್ತಾ ಇನ್ನೂ ಹಲವು ದಶಕ ಉಳಿಯಿತು. ರಾಜಧಾನಿ ಮಾತ್ರ ಮತ್ತೆ ಇಲ್ಲಿಗೆ ಬರಲಿಲ್ಲ.

ಪೂರ್ತಿ ಪಾಳು ಬಿತ್ತೇ?

ಇಲ್ಲ. ವಿರೂಪಾಕ್ಷನ ಪೂಜೆ, ರಥೋತ್ಸವ ನಡೆಯುತ್ತಲೇ ಬಂದವು. ಆನೆಗೊಂದಿಯಲ್ಲಿ ಜನ ಇದ್ದರು. ಕಾಲುವೆಗಳನ್ನು ರೈತರು ನೋಡಿಕೊಂಡರು. 1799ರಲ್ಲಿ ಬ್ರಿಟಿಷ್ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿ ಇಲ್ಲಿನ ಅವಶೇಷಗಳ ನಕ್ಷೆ ಮಾಡಿಸಿದ. ಅಲ್ಲಿಂದ ಹೊರಗಿನವರ ಗಮನ ಶುರುವಾಯಿತು. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆ ಮುಂತಾದ ಕಾರಣಗಳಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹಾಕಿ, 2006ರಲ್ಲಿ ಅಲ್ಲಿಂದ ತೆಗೆಯಿತು. ಆ ಸೇತುವೆ 2009ರಲ್ಲಿ ಕುಸಿಯಿತು. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಸಂಸಾರ, ಅಂಗಡಿ ಮಾಡಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಿದರು. ಮಂಟಪ ಉಳಿಯಬೇಕು ಎನ್ನುವುದೂ ಸರಿ, ತಲೆಮಾರುಗಳ ಬದುಕು ಅಲ್ಲಿತ್ತು ಎನ್ನುವುದೂ ಸರಿ. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಹೋಗುವವರಿಗೆ ಒಂದು ಮಾತು. ಸೀದಾ ವಿಠ್ಠಲ ಗುಡಿಗೆ ಓಡುವ ಮೊದಲು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ. ನದಿ, ಬೆಟ್ಟ, ಗುಡಿಗಳು, ರಾಜರ ಆವರಣ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಅದನ್ನು ನೋಡಿಕೊಂಡು ಹೊರಟರೆ ಬಯಲಿನ ಪ್ರತಿ ಜಗತಿಯ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ.